ಸಮ ಬರೂತನಕ

(ಇಬ್ಬರು ಕೇಳುಗರು. ಒಬ್ಬರು ಧಾರವಾಡದವರು, ವಯಸ್ಸಿನಲ್ಲಿ ಹಿರಿಯರು. ಇನ್ನೊಬ್ಬರು ಮೈಸೂರಿನವರು, ಕರ್ನಾಟಕ ಸಂಗೀತ ಕೇಳುತ್ತಾ ಬೆಳೆದು ಈಚೆಗೆ ಹಿಂದೂಸ್ತಾನಿಗೂ ಕಿವಿ ಕೊಟ್ಟವರು.)

— ಈಗ ಏನ್ ಕೇಳ್ಲಿಕ್ಕತ್ತೀರಿ?

— ಗೋಹರ್ ಜಾನ್ ಅವರದು, ಭೈರವಿಯಲ್ಲಿ ಒಂದು ಠುಮ್ರಿ. ಆಕೆಗೂ ನಮ್ಮೂರಿಗೂ ನಂಟಿದೆ ಅಂತ ಗೊತ್ತಾದ ಮೇಲೆ ಬಿಡೋಕೇ ಮನಸ್ಸಾಗ್ತಿಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮೊಫೋನ್ ಕಂಪನಿಯವರಿಗೆ ಹಾಡಿ ದೇಶಕ್ಕೆಲ್ಲ ಹೆಸರಾದ ಹೆಂಗಸು, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಲ್ಲೇ ತೀರಿಕೊಂಡರು. ಊರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

— ಕಡೀಕ ತನ್ನ ಹೆಸರು ತಾನ ಹೇಳ್ತಾರಲ್ಲ, ಇಂಗ್ಲಿಷಿನ್ಯಾಗ?

— ಅದೇ. ಹಾಡು ಮುಗಿದ ಕೂಡಲೇ ಗಟ್ಟಿಯಾಗಿ ಹೆಸರು ಹೇಳಿಬಿಡ್ತಾರೆ. ಮೊದಮೊದಲು ಅದು ಗತ್ತು ಅಂದುಕೊಳ್ಳೋರೇ ಹೆಚ್ಚು. ಆದರೆ ಆಗ ತಟ್ಟೆ ತಯಾರಾಗ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿ ಲೇಬಲ್ ಹಚ್ಚೋರಿಗೆ ಇದು ಯಾರ ದನಿ ಅಂತ ತಿಳೀಬೇಕಿತ್ತು. ಮೈಕ್ ಕೂಡ ಇನ್ನೂ ಇರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ದನಿಯ ಒತ್ತಡಕ್ಕೇ ಸೂಜಿ ಮೇಣದ ಮೇಲೆ ಗೀರು ಎಳೀಬೇಕು. ಹೆಚ್ಚು ಅಂದರೆ ಮೂರು ನಿಮಿಷ. ಅಷ್ಟರೊಳಗೆ ರಾಗ ತೋರಿಸಿ, ಸಾಹಿತ್ಯ ಹೇಳಿ, ನಾಲ್ಕು ತಾನ ಹಾಕಿ, ಹೆಸರೂ ಹೇಳಿ ಮುಗಿಸ್ತಾರೆ. ನೀವೇನು ಕೇಳ್ತಿದ್ದೀರಿ?

— ನಾನೂ ಮೂರು ನಿಮಿಷದ್ದ. ಅಬ್ದುಲ್ ಕರೀಮ್ ಖಾನ್ ಸಾಹೇಬರ ಝಿಂಝೋಟಿ ಠುಮ್ರಿ.

— ಭೀಮಸೇನ ಜೋಶಿ ಮನೆ ಬಿಟ್ಟು ಹೋಗೋ ಹಾಗೆ ಮಾಡಿದ ತಟ್ಟೆ?

— ಅದ ನೋಡ್ರಿ. ಗದಗಿನ ಹುಡುಗ, ಅಂಗಡ್ಯಾಗ ಈ ತಟ್ಟಿ ಹಚ್ಚಿದ್ದು ಕೇಳಿದ. ಹಿಂಗ ಹಾಡ್ಲಿಕ್ಕೆ ಬರಬೇಕು ಅಂತ ತಲ್ಯಾಗ ಹೊಕ್ಕಿತು. 1933ರಾಗ, ಹನ್ನೊಂದರ ವಯಸ್ಸಿನ್ಯಾಗ, ಮನಿ ಬಿಟ್ಟು ರೈಲ್ವೆ ಹತ್ತಿದ. ಗ್ವಾಲಿಯರ್, ಕಲ್ಕತ್ತಾ, ಕಡೀಕ ಜಾಲಂಧರ. ಅಲ್ಲೆ ವಿನಾಯಕರಾವ್ ಪಟವರ್ಧನರು ಭೆಟ್ಟಿಯಾಗಿ, ನಿಮ್ಮ ಕಡೆನ ಸವಾಯಿ ಗಂಧರ್ವರು ಇರೂವಾಗ ಇಷ್ಟು ದೂರ ಯಾಕ ಬಂದಿ ಅಂತ ಕೇಳಿದ್ರು. ಸವಾಯಿ ಗಂಧರ್ವರು ಯಾರು? ಆ ತಟ್ಟ್ಯಾಗ ಹಾಡಿದ ಕರೀಮ್ ಖಾನ್ ಸಾಹೇಬರ ಶಿಷ್ಯರು! ಗದಗಿನಿಂದ ಅವರ ಊರು ಕುಂದಗೋಳ ಎಷ್ಟರೆ ದೂರ ಅದ? ಅಲ್ಲಿಗೆ ಮುಟ್ಟಲಿಕ್ಕೆ ಆ ಹುಡುಗ ಪಂಜಾಬದ ತನಕ ಹೋಗಿ ಬರಬೇಕಾತು.

— ನನಗೆ ಇನ್ನೊಂದು ವಿಷಯ ಕುತೂಹಲ. ಕರೀಮ್ ಖಾನರು ತ್ಯಾಗರಾಜರ ಕೃತಿಯನ್ನೂ ತಟ್ಟೆಗೆ ಹಾಡಿದ್ದಾರೆ, ಖರಹರಪ್ರಿಯ ರಾಗದ್ದು. ಉತ್ತರದ ಉಸ್ತಾದರು ತೆಲುಗು ಕೃತಿ ಹಾಡೋದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಉಚ್ಚಾರ ನಮ್ಮ ವಿದ್ವಾಂಸರ ಹಾಗಿಲ್ಲ, ಗಮಕವೂ ಬೇರೆ. ಆದರೂ ಆ ಹಾಡಿಗೆ ಅವರು ಎಷ್ಟು ಹೊತ್ತು ಕಿವಿ ಕೊಟ್ಟಿರಬೇಕು ಅನ್ನೋದು ಕೇಳಿದರೆ ತಿಳಿಯುತ್ತೆ.

— ಅವ್ರು ಮೈಸೂರು ದರಬಾರಿಗೆ ಹೋಗಿ ಬರೂವಾಗ ಧಾರವಾಡದಾಗ ಇಳೀತಿದ್ರು. ಶುಕ್ರವಾರಪ್ಯಾಟಿಯೊಳಗ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ, ನಿಮ್ಮ ಕರ್ನಾಟಕ ಸಂಗೀತದವರು. ಆಕಿ ಹಾಡೂದು ಕೇಳ್ಲಿಕ್ಕೆ ಖಾನ್ ಸಾಹೇಬರು ಮನೀಗೆ ಬರ್ತಿದ್ರು. ಕಲಿಸಲಿಕ್ಕಲ್ಲ, ಕೇಳ್ಲಿಕ್ಕೆ. ಇದನ್ನ ನಾ ಎಲ್ಲಾರಿಗೂ ಹೇಳ್ತಿರ್ತೀನಿ. ಖಾನ್ ಸಾಹೇಬರ ಕಿರಾಣಾ ಘರಾಣೆ ಧಾರವಾಡ ಸೀಮಿಯೊಳಗ ಬೇರು ಬಿಟ್ಟದ್ದು ಒಬ್ಬರು ಕಲಿಸಿ ಇನ್ನೊಬ್ಬರು ಕಲ್ತದ್ದರಿಂದ ಅಷ್ಟ ಅಲ್ಲ. ಒಬ್ಬರದು ಒಬ್ಬರು ಕೇಳಿದ್ದರಿಂದ.

— ಈಗ ಕೇಳೋದಕ್ಕೇನು ಕಡಿಮೆ? ಯಾವ ರಾಗ ಬೇಕಾದರೂ ಬೆರಳ ತುದೀಲಿದೆ. ದಿನಕ್ಕೆ ನಾಲ್ಕು ಜನ ನಾಲ್ಕು ಲಿಂಕ್ ಕಳಿಸ್ತಾರೆ.

— ನಾಲ್ಕೂ ಪೂರ್ತಿ ಕೇಳ್ತೀರೇನು?

— ಒಂದೊಂದು ನಿಮಿಷ ಕೇಳಿ ಮುಂದಕ್ಕೆ ಹೋಗ್ತೀನಿ. ಎಲ್ಲರೂ ಹಾಗೇ ಅಲ್ವಾ?

— ಸ್ಪಾಟಿಫೈ ಲೆಕ್ಕದಾಗ 30 ಸೆಕೆಂಡ್ ಕೇಳಿದ್ರ ಒಂದು ಸಲ ಕೇಳಿದಂಗ. ಹಾಡಿದವರ ಖಾತೇಕ ಒಂದು ಅಂಕಿ ಬೀಳ್ತದ. ಈಗ ಭೀಮಸೇನರ ಒಂದು ವಿಲಂಬಿತ ಖ್ಯಾಲ ಹಚ್ಚರಿ. ಏಕತಾಲ, 12 ಮಾತ್ರಿ. ಅವರ ಲಯದಾಗ ಒಂದು ಆವರ್ತನ ಸುತ್ತಿ ಸಮಕ್ಕ, ಅಂದ್ರ ಮತ್ತ ಮೊದಲನೇ ಮಾತ್ರಿಗೆ, ಬರ್ಲಿಕ್ಕೆ ಮುಕ್ಕಾಲು ನಿಮಿಷ, ಒಮ್ಮೊಮ್ಮೆ ಒಂದು ನಿಮಿಷ ಹಿಡೀತದ. ನಿಮ್ಮ 30 ಸೆಕೆಂಡಿನ್ಯಾಗ ಅವ್ರು ಆವರ್ತನದ ನಡುವ ಎಲ್ಲೋ ಇರ್ತಾರ. ಸಮ ಬಂದ ಇಲ್ಲ. ಸಮ ಬರೂಕಿಂತ ಮೊದಲ ಎದ್ದು ಹೋದಂವಗ ಆ ರಾಗ ಕೇಳಿದೆ ಅನ್ಲಿಕ್ಕೆ ಏನು ಅಧಿಕಾರ?

— ಆದರೆ ನನ್ನಂಥವನಿಗೆ ಸಮ ಎಲ್ಲಿ ಅಂತ ತಿಳಿಯೋದೇ ಕಷ್ಟ. ನಮ್ಮಲ್ಲಿ ಸಭೇಲಿ ಕೂತೋರೆಲ್ಲ ಕೈಯಲ್ಲಿ ತಾಳ ಹಾಕ್ತಾರೆ. ಆದಿತಾಳ ಅಂದರೆ ಎಂಟು ಎಣಿಕೆ, ಕಣ್ಣಿಗೆ ಕಾಣುತ್ತೆ. ನಿಮ್ಮ ವಿಲಂಬಿತದಲ್ಲಿ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಲೆಕ್ಕ ತಪ್ಪಿ ಹೋಗುತ್ತೆ.

— ಎಣಸಬ್ಯಾಡ್ರಿ. ತಬಲಾ ಕೇಳ್ರಿ, ಅದ ಹೇಳ್ತದ. ಏಕತಾಲದ ಠೇಕಾ ಅಂದ್ರ: ಧಿಂ ಧಿಂ ಧಾಗೆ ತಿರಕಿಟ, ತೂ ನಾ ಕತ್ ತಾ, ಧಾಗೆ ತಿರಕಿಟ ಧಿಂ ನಾ. ಇದರಾಗ ತಿರಕಿಟ ಎರಡು ಸಲ ಬರ್ತದ. ನಾಕನೇ ಮಾತ್ರಿಗೆ ಒಂದು, ಹತ್ತನೇ ಮಾತ್ರಿಗೆ ಒಂದು. ಎರಡನೇ ತಿರಕಿಟ ಕೇಳಿತು ಅಂದ್ರ ಇನ್ನ ಎರಡ ಮಾತ್ರಿ ಉಳದಾವ. ಅಲ್ಲೆ ಸುತ್ತಮುತ್ತ ಹಾಡೂವರು ಬಂದಿಶಿನ ಮುಖಡಾ ಎತ್ತಿಗೋತಾರ. ಅಲ್ಲೀತನಕ ಎಲ್ಲೆಲ್ಲೋ ಅಡ್ಡಾಡಿದ ದನಿ ದಿಕ್ಕ ಹಿಡಿದು ಬರ್ಲಿಕ್ಕತ್ತದ. ಸಮಕ್ಕ ಬಂದು ಕೂತ್ರ ಇಡೀ ಮೆಹಫಿಲ್ ತಲಿ ದೂಗ್ತದ. ಆ ಹೊತ್ತಿಗೆ ನಿಮ್ಮ ತಲೀನೂ ದೂಗಿದ್ರ ಆತು, ಅಷ್ಟ ಸಾಕು. ಒಂದು ನಾಕೈದು ಆವರ್ತನ ಹಿಂಗ ಕೇಳ್ರಿ, ಎಣಿಕೆ ಬೇಕನಸೂದಿಲ್ಲ.

— ಎರಡನೇ ತಿರಕಿಟ. ಇದನ್ನ ಯಾರೂ ಹೇಳಿರಲಿಲ್ಲ ನನಗೆ.

— ಲಿಂಕ್ ಕಳಸೂವರು ಇದನ್ನ ಹೇಳಬೇಕು ಅಂತ ನನ್ನ ಮಾತು. ಬರೇ ಹಾಡು ಕಳಿಸಿದ್ರ ಏನ್ ಬಂತು? ಎಲ್ಲೆ ಕಿವಿ ಇಡಬೇಕು ಅಂತ ಒಂದು ಮಾತು ಜೋಡಿ ಕಳಸ್ರಿ.

— ಒಪ್ಪಿದೆ. ಆದರೆ ನಿಮ್ಮ ವಾದದಲ್ಲಿ ಒಂದು ತೊಡಕಿದೆ. ಪೂರ್ತಿ ಕೇಳಬೇಕು, ಸಮ ಬರೋವರೆಗೂ ಕೂರಬೇಕು ಅಂತೀರಿ. ಆದರೆ ಭೀಮಸೇನರನ್ನ ಮನೆ ಬಿಡಿಸಿದ್ದು ಮೂರು ನಿಮಿಷದ ತುಂಡು. ಗೋಹರ್ ಜಾನ್ ಅವರದೂ ಮೂರು ನಿಮಿಷ. ಇಡೀ ರಾತ್ರಿ ಹಾಡಬಲ್ಲವರು ತಟ್ಟೆಗೋಸ್ಕರ ರಾಗವನ್ನ ಕತ್ತರಿಸಿ ಕೊಟ್ಟರು. ಈಗಿನ ಹುಡುಗರು ಒಂದು ನಿಮಿಷದ ರೀಲ್ ಕೇಳಿದರೆ ಮಾತ್ರ ಯಾಕೆ ತಪ್ಪು?

— ತುಂಡಲ್ಲ ಅದು. ಮೂರು ನಿಮಿಷದ ತಟ್ಟೀಗೆ ಮೊದಲದ, ಕಡೀದ. ಝಿಂಝೋಟಿ ಕೇಳ್ರಿ: ಕೆಳಗಿನ ಪಂಚಮದಿಂದ ಧೈವತ ಹಿಡಿದು ಷಡ್ಜಕ್ಕ ಬಂದು, ಋಷಭ ಗಾಂಧಾರ ಮಧ್ಯಮ ಮುಟ್ಟಿ, ಮತ್ತ ಕೋಮಲ ನಿಷಾದದ ಮ್ಯಾಲಿಂದ ಕೆಳಗ ಇಳೀತದ ಆ ರಾಗ. ಅದರ ಮನಿ ಸಣ್ಣದು. ಖಾನ್ ಸಾಹೇಬರು ಆ ಮನ್ಯಾಗ ಎಲ್ಲೆಲ್ಲಿ ಹೋಗಬೇಕೋ ಎಲ್ಲಾ ಕಡೆ ಹೋಗಿ ಬರ್ತಾರ. ಅವಸರ ಇಲ್ಲ. ದನಿಯೊಳಗ ಒತ್ತಡ ಇಲ್ಲ, ತಂಬೂರಿಯ ನಾದದಿಂದ ಅದನ್ನ ಬ್ಯಾರೆ ತಗೀಲಿಕ್ಕೆ ಬರೂದಿಲ್ಲ. ಮೂರು ನಿಮಿಷ ಮುಗಿದ ಮ್ಯಾಲ ಇನ್ನೂ ಹಾಡಬೇಕಿತ್ತು ಅನಸ್ತದ, ಅರ್ಧಕ್ಕ ನಿಂತ್ರು ಅನಸೂದಿಲ್ಲ. ರೀಲಿನ್ಯಾಗ ಬರೂದು ಒಂದು ತಾನ, ಒಂದು ತಿಹಾಯಿ, ಜನರ ಚಪ್ಪಾಳಿ. ಮ್ಯಾಲಿಂದ ಎರಡನೇ ಮಾತು: ಅಂಗಡ್ಯಾಗ ಆ ತಟ್ಟಿ ಒಂದ ಸಲ ಕೇಳಿ ಸುಮ್ಮನಾಗಿದ್ರ ಭೀಮಸೇನ ಜೋಶಿ ಆಗ್ತಿದ್ದಿಲ್ಲ. ಮತ್ತ ಮತ್ತ ಕೇಳಿದ್ರು. ಮನ್ಯಾಗ ಎರಡ ತಟ್ಟಿ ಇದ್ದ ಕಾಲದಾಗ ಅವ ಎರಡನ್ನ ಸವಿಯೂತನಕ ಕೇಳ್ತಿದ್ರು ಜನ.

— ಕುಮಾರ ಗಂಧರ್ವರೂ ಹಾಗೇ ಅಲ್ವಾ? ಚಿಕ್ಕ ಹುಡುಗನಾಗಿದ್ದಾಗಲೇ ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನ ಇದ್ದದ್ದು ಇದ್ದ ಹಾಗೇ ಹಾಡಿ ತೋರಿಸ್ತಿದ್ದರಂತೆ.

— ಬೆಳಗಾವಿ ಜಿಲ್ಲಾ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ. ತಟ್ಟೀ ಒಳಗಿನ ಒಂದೊಂದು ಹರಕತ್ತೂ ಹಂಗಂದ್ರ ಹಂಗ. ಮುಂದ ಮುಂಬೈಯೊಳಗ ದೇವಧರ ಮಾಸ್ತರ ಕಡೆ ಕಲ್ತ್ರು. ಆದ್ರ ಕುಮಾರರ ಕೇಳಿಕಿ ಅಂದ್ರ ನನಗ ಆ ತಟ್ಟಿ ಕೇಳಿದ ಹುಡುಗ ನೆನಪಾಗೂದಿಲ್ಲ. ಆಮ್ಯಾಲಿನ ಕುಮಾರರು ನೆನಪಾಗ್ತಾರ.

— ಕ್ಷಯ ಬಂದ ಮೇಲಿನವರು?

— ಹೌದು. 1948ರ ಹೊತ್ತಿಗೆ ಹವಾ ಬದಲೀಗಂತ ಮಾಳ್ವದ ದೇವಾಸಕ್ಕ ಹೋದ್ರು. ಡಾಕ್ಟರ್ರು ಹಾಡಬಾರದು ಅಂದ್ರು. ಇಪ್ಪತ್ನಾಲ್ಕು ಇಪ್ಪತ್ತೈದರ ಹರೇ, ದೇಶದಾಗ ಹೆಸರು ಆಗ್ಯದ, ಹಾಡಂಗಿಲ್ಲ. ವರ್ಷಗಟ್ಲೆ ಹಾಸಿಗಿ. ಆಗ ಮಾಡಿದ್ದೇನು? ಕೇಳಿದ್ರು. ಹೊರಗ ಮಾಳ್ವದ ಹೆಣ್ಣುಮಕ್ಕಳು ಕೆಲಸಾ ಮಾಡ್ಕೋತ ಹಾಡೂ ಹಾಡು, ಓಣ್ಯಾಗ ಹಾಡ್ಕೋತ ಹೋಗೂ ನಾಥಪಂಥದ ಜೋಗಿಗಳ ನಿರ್ಗುಣಿ ಪದ. ಒಂದು ರಾಗದ ಹುಟ್ಟು ಈ ಹಾಡಿನ್ಯಾಗ ಎಲ್ಲೆ ಅದ ಅಂತ ಮಲಕೊಂಡಲ್ಲೇ ಹುಡುಕಿದ್ರು. 1950ರ ದಶಕದ ಮೊದಲಿಗೆ ಮತ್ತ ವೇದಿಕೀಗೆ ಬಂದಾಗ ಒಂದು ಪುಪ್ಪುಸ ಕೆಲಸಾ ಮಾಡ್ತಿದ್ದಿಲ್ಲ. ಉದ್ದ ಉಸುರಿನ ತಾನ ಸಾಧ್ಯ ಇಲ್ಲ. ಸಣ್ಣ ಸಣ್ಣ ತುಣುಕಿನ್ಯಾಗ, ಏಕದಂ ಮ್ಯಾಲೆ ಹಾರಿ ಸ್ವರದ ಮ್ಯಾಲ ನಿಲ್ಲೂ ಆ ರೀತಿ, ಅದು ಅವರ ಉಸುರು ಕೊಟ್ಟ ರೀತಿ. ಅವರ ಕಬೀರ ಭಜನ ಕೇಳೂವಾಗ ತಂಬೂರಿ ಎಷ್ಟು ಮುಂದ ಕೇಳಸ್ತದ ಗಮನಿಸಿ ನೋಡ್ರಿ. ದನಿ ಬಿಟ್ಟು ಬಿಟ್ಟು ಬರ್ತದ, ಬಿಟ್ಟ ಜಾಗಾ ತಂಬೂರಿ ತುಂಬ್ತದ. ಹಾಡ್ಲಿಕ್ಕೆ ಬಿಡದ ಆ ವರ್ಷಗಳಾಗ ಕೇಳಿದ್ದು ಎಲ್ಲಾ ಅದರಾಗ ಅದ. ನನ್ನ ಕೇಳಿದ್ರ, ನಮ್ಮ ಸೀಮಿಯ ಅತಿ ದೊಡ್ಡ ಕೇಳುಗ ಅಂದ್ರ ಕುಮಾರ ಗಂಧರ್ವರ.

— ಅವರನ್ನ ನಾನು ಅಷ್ಟಾಗಿ ಕೇಳಿಲ್ಲ. ಈಚೆಗೆ ನನ್ನನ್ನ ಹಿಡಿದಿರೋದು ಗಂಗೂಬಾಯಿ ಹಾನಗಲ್. ಎರಡು ತಟ್ಟೆ ಒಂದರ ಹಿಂದೆ ಒಂದು ಕೇಳಿದೆ. 1930ರ ದಶಕದ ಆರಂಭದಲ್ಲಿ ಗಾಂಧಾರಿ ಅನ್ನೋ ಹೆಸರಲ್ಲಿ ಬಂದದ್ದು ಒಂದು, ಐವತ್ತು ದಾಟಿದ ಮೇಲೆ ಹಾಡಿದ್ದು ಇನ್ನೊಂದು. ಮೊದಲನೆಯದರಲ್ಲಿ ಹೆಣ್ಣು ದನಿ, ತೆಳು, ಎತ್ತರ. ಎರಡನೆಯದರಲ್ಲಿ ಕಣ್ಣು ಮುಚ್ಚಿ ಕೇಳಿದರೆ ಗಂಡಸು ಹಾಡ್ತಿದ್ದಾರೆ ಅನ್ನಬೇಕು. ಗಂಟಲಿನ ಚಿಕಿತ್ಸೆ ಆದಮೇಲೆ ದನಿಯೇ ಬದಲಾಯ್ತು ಅಂತ ಓದಿದ್ದೆ. ಓದೋದು ಬೇರೆ, ಎರಡನ್ನೂ ಕಿವಿಯಲ್ಲಿ ಕೇಳೋದು ಬೇರೆ. ಬೇರೆ ಯಾರಾದರೂ ಹಾಡೋದನ್ನೇ ಬಿಡ್ತಿದ್ದರು. ಈಕೆ ಆ ಹೊಸ ದನಿಗೆ ತಕ್ಕ ಹಾಗೆ ಹಾಡಿಕೆಯನ್ನೇ ಮತ್ತೆ ಕಟ್ಟಿಕೊಂಡರು.

— ಅವ್ರೂ ಸಣ್ಣಾಕಿ ಇದ್ದಾಗ ಓಣ್ಯಾಗ ಗ್ರಾಮೊಫೋನ್ ಸಪ್ಪಳ ಕೇಳಿದ್ರ ಓಡಿ ಹೋಗಿ ನಿಲ್ತಿದ್ರು. ಆಮ್ಯಾಲ ಹುಬ್ಬಳ್ಳಿಯಿಂದ ರೈಲ್ವೆ ಹಿಡದು ಕುಂದಗೋಳಕ್ಕ ಸವಾಯಿ ಗಂಧರ್ವರ ಕಡೆ ಪಾಠಕ್ಕ ಹೋಗ್ತಿದ್ರು. ಸಂಜೀಕ ವಾಪಸ್ ಬರೂವಾಗ ಸ್ಟೇಶನ್ ತನಕ ಕಳಸಲಿಕ್ಕೆ ಭೀಮಸೇನ ಬರ್ತಿದ್ರು. ಗುರುಗಳ ಮನ್ಯಾಗ ನೀರು ತರೂದು ಸಹಿತ ಎಲ್ಲಾ ಕೆಲಸಾ ಮಾಡೂ ಹುಡುಗ. ದಾರಿಯೊಳಗ ಅಕ್ಕನ ಕಡೆ ಇವತ್ತಿನ ಪಾಠ ಏನಾತು ಅಂತ ಕೇಳಿ, ಹಾಡಿಸಿ, ಕೇಳಸಿಗೋತಿದ್ರು. ಮುಂದ ಇಬ್ಬರೂ ದೇಶಕ್ಕ ದೊಡ್ಡವರಾದ್ರು, ಒಬ್ಬರಿಗೆ ಪದ್ಮವಿಭೂಷಣ, ಒಬ್ಬರಿಗೆ ಭಾರತರತ್ನ. ನೀವು ಈಗ ಏನ್ ಕೇಳ್ಲಿಕ್ಕತ್ತೀರಿ ಅಂತ ನಾ ಕೇಳೂದು ಇದ ಅರ್ಥದಾಗ. ನಿಮಗ ಸಿಕ್ಕದ್ದರಾಗ ನನಗೂ ಪಾಲು ಕೊಡ್ರಿ ಅಂತ.

— ಹಾಗಾದರೆ ನಿಮ್ಮ ಪಾಲಿಗೆ ಒಂದು ಕೊಡ್ತೀನಿ. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಕೇಳಿದ್ದೀರಾ?

— ಹೆಸರು ಕೇಳೀನಿ. ಕೂತು ಕೇಳಿಲ್ಲ. ಎಲ್ಲೆ ಕಿವಿ ಇಡ್ಲಿ, ನೀವ ಹೇಳ್ರಿ.

— ವೆಂಕಟಗಿರಿಯಪ್ಪನವರ ಶಿಷ್ಯರು, ಮೈಸೂರು ಬಾನಿ. ಹೊಸದಾಗಿ ವೀಣೆ ಕೇಳೋರು ಬಲಗೈ ಮೀಟನ್ನೇ ಕೇಳ್ತಾರೆ, ಟಣ್ ಅನ್ನೋ ಸದ್ದು. ಅದನ್ನ ಬಿಡಿ. ಒಂದು ಮೀಟಿಗೂ ಮುಂದಿನ ಮೀಟಿಗೂ ನಡುವೆ ಏನಾಗುತ್ತೆ ಕೇಳಿ. ಮೆಟ್ಟಿಲ ಮೇಲೆ ಎಡಗೈ ಬೆರಳು ತಂತೀನ ಪಕ್ಕಕ್ಕೆ ಎಳೆಯುತ್ತೆ. ಒಂದೇ ಮೀಟಲ್ಲಿ ಎರಡು ಮೂರು ಸ್ವರ ಹುಟ್ಟಿ ಕರಗುತ್ತೆ. ನಾದ ಸಣ್ಣಗಾಗ್ತಾ ಹೋದಷ್ಟೂ ಕಿವಿ ಹತ್ತಿರ ಹೋಗಬೇಕು. ಅವರು ಮೀಟನ್ನ ಮೃದುವಾಗಿ ಇಡ್ತಾರೆ, ಗದ್ದಲ ಇಲ್ಲ. ರಾತ್ರಿ ರಸ್ತೆ ಸದ್ದು ಅಡಗಿದ ಮೇಲೆ ಒಂದು ಆಲಾಪನೆ, ತಾನ ಕೇಳಿ ನೋಡಿ.

— ರಾತ್ರಿ ಅಂದ್ರ ಯಾವ ರಾಗ ಆದ್ರೂ ನಡೀತದ?

— ನಮ್ಮಲ್ಲಿ ನಡೆಯುತ್ತೆ. ಬೆಳಗಿನ ರಾಗ ಸಂಜೆ ರಾಗ ಅನ್ನೋ ಮಾತು ಉಂಟು, ಆದರೆ ಕಚೇರಿಯಲ್ಲಿ ಅದನ್ನ ಬಿಗಿಯಾಗಿ ಹಿಡಿಯೋದಿಲ್ಲ. ಹಿಂದೂಸ್ತಾನಿಯವರು ಇಷ್ಟು ಬಿಗಿ ಯಾಕೆ ಅಂತ ನನಗೆ ಇನ್ನೂ ಪೂರ್ತಿ ಮನಸ್ಸಿಗೆ ಬಂದಿಲ್ಲ. ಮಿಯಾ ಕಿ ತೋಡಿಯನ್ನ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ರಾಗಕ್ಕೇನು ಕೆಡುಕು? ಅದರ ಸ್ವರಗಳು ನಮ್ಮ ಶುಭಪಂತುವರಾಳಿಯವೇ. ನಾವು ಅದನ್ನ ಸಂಜೆ ಹಾಡ್ತೀವಿ, ಯಾರಿಗೂ ಏನೂ ಆಗಿಲ್ಲ.

— ಸ್ವರ ಅವ ಇದ್ರೂ ನಡಿಗಿ ಬ್ಯಾರೆ. ನಿಮ್ಮ ಶುಭಪಂತುವರಾಳಿ ಕೇಳಿದ್ರ ನನಗ ತೋಡಿ ಅನಸೂದಿಲ್ಲ. ತೋಡಿಯೊಳಗ ಗಾಂಧಾರ ತೂಗೂ ರೀತಿ ಬ್ಯಾರೆ, ಪಂಚಮ ತಪ್ಪಿಸಿಗೊಂಡು ಹೋಗೂ ರೀತಿ ಬ್ಯಾರೆ. ಹೊತ್ತಿನ ಮಾತಿಗೆ ನಾ ಶಾಸ್ತ್ರ ಹೇಳೂದಿಲ್ಲ. ಒಂದು ಕೆಲಸಾ ಹೇಳ್ತೀನಿ. ಮಲ್ಲಿಕಾರ್ಜುನ ಮನ್ಸೂರ ಅಣ್ಣಾವರ ಶಿವಮತ ಭೈರವ ಮುಂಜಾನೆ ಎದ್ದ ಕೂಡಲೇ, ಪೇಪರ್ ನೋಡೂಕಿಂತ ಮೊದಲ ಕೇಳ್ರಿ. ಅದನ್ನ ಇನ್ನೊಂದ ದಿನಾ ರಾತ್ರಿ ಕೇಳ್ರಿ. ಯಾವುದು ಒಳಗ ಇಳೀತು ಅಂತ ನೀವ ಹೇಳ್ರಿ.

— ಮನ್ಸೂರರು ನನಗೆ ಕಷ್ಟ. ನೆಲೆ ನಿಲ್ಲೋದೇ ಇಲ್ಲ. ಭೀಮಸೇನರಾದರೆ ಒಂದು ಸ್ವರಕ್ಕೆ ಬಂದು ಕೂರ್ತಾರೆ, ನಮಗೂ ಕೂರೋಕೆ ಜಾಗ ಕೊಡ್ತಾರೆ. ಇವರು ಮೊದಲ ಆವರ್ತನದಿಂದಲೇ ಹೊರಟುಬಿಡ್ತಾರೆ.

— ಅದು ಘರಾಣೆಯ ಭೇದ. ಕಿರಾಣಾದವರು ಸ್ವರ ಹಿಡದು ಹೋಗ್ತಾರ, ಜೈಪುರ–ಅತ್ರೌಲಿಯವರು ಲಯ ಹಿಡದು. ಅಣ್ಣಾವರು ಮೊದಲಿಗೆ ಅಪ್ಪಯ್ಯಸ್ವಾಮಿಗಳ ಕಡೆ ನಿಮ್ಮ ಕರ್ನಾಟಕ ಸಂಗೀತ, ಆಮ್ಯಾಲ ಮಿರಜದ ನೀಲಕಂಠಬುವಾ ಕಡೆ ಗ್ವಾಲಿಯರ್ ಗಾಯಕಿ, ಆಮ್ಯಾಲ ಅಲ್ಲಾದಿಯಾ ಖಾನರ ಮಗ ಮಂಜಿ ಖಾನ್. ಮಂಜಿ ಖಾನ್ 1937ರಾಗ ತೀರಿಕೊಂಡ್ರು, ಅವರ ತಮ್ಮ ಬುರ್ಜಿ ಖಾನ್ ಕಡೆ ಮುಂದ ಕಲ್ತ್ರು. ಆಗಲೇ ತಟ್ಟಿ ಕೊಟ್ಟು ಹೆಸರಾದ ಗಾಯಕ, ಮತ್ತ ಶಿಷ್ಯ ಆಗಿ ಕೂತ್ರು. ಅದಕ್ಕ ನೋಡ್ರಿ, ಒಂದು ಉಸುರಿನ್ಯಾಗ ಒಂದು ಮಾತು ಎತ್ತಿದ್ರ ಅದು ಎಲ್ಲೆ ತಿರುಗಿ ಎಲ್ಲೆ ಮುಗೀತದ ಅಂತ ನಮಗ ಅಂದಾಜು ಹತ್ತೂದಿಲ್ಲ. ಸಮ ಎದುರಿಗೆ ಬಂದು ನಿಂತಾಗನ ಗೊತ್ತಾಗೂದು. ಭೈರವ ಅಂತ ಕೇಳಿಗೋತ ಹೋಗಿರ್ತೀರಿ, ನಡುವ ತೋಡಿಯ ಛಾಯಾ ಹಾದು ಹೋಗ್ತದ, ಮತ್ತ ಭೈರವ. ಅದನ್ನ ತೋರಿಸಿಗೋತ ನಿಲ್ಲೂದಿಲ್ಲ ಅವ್ರು. ಒಂದ ಸಲಕ್ಕ ಸಿಗಂಗಿಲ್ಲ. ಅದಕ್ಕ ಮತ್ತ ಹಚ್ಚಬೇಕು.

— ಅವರು ಹಾಡಿದ ಅಕ್ಕಮಹಾದೇವಿ ವಚನ ಮಾತ್ರ ನನಗೆ ಮೊದಲ ಸಲಕ್ಕೇ ಹತ್ತಿರ ಬಂತು.

— ಅಲ್ಲಿಂದ ಶುರು ಮಾಡ್ರಿ ಹಂಗಾರ. ವಚನದಾಗ ಮಾತು ನಿಮ್ಮದ ಭಾಷಾದ್ದು, ಅದನ್ನ ಹಿಡಕೊಂಡು ಅವರ ದನಿ ರೂಢಿ ಮಾಡ್ಕೊಳ್ರಿ. ಆಮ್ಯಾಲ ಶಿವಮತ ಭೈರವಕ್ಕ ಹೋಗ್ರಿ.

— ಸರಿ, ಈ ವಾರ ನನ್ನದು ಮನ್ಸೂರರು, ನಿಮ್ಮದು ದೊರೆಸ್ವಾಮಿ ಅಯ್ಯಂಗಾರ್ಯರು. ಬೇರೆ ಏನೂ ಕೇಳೋದು ಬೇಡ. ಆಮೇಲೆ ಫೋನ್ ಮಾಡ್ತೀನಿ, ನನಗೆ ತಿಳಿಯದೇ ಹೋದದ್ದನ್ನ ಕೇಳ್ತೀನಿ.

— ಮಾಡ್ರಿ. ಇನ್ನೊಂದು ಮಾತು, ಇದು ನಿಮಗಷ್ಟ ಅಲ್ಲ, ಹಾಡು ಅಂದ್ರ ಜೀವಾ ಬಿಡೂ ಎಲ್ಲಾರಿಗೂ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12. ನಲವತ್ತು ವರ್ಷಕ್ಕ, 1992ರ ಸೆಪ್ಟೆಂಬರ್ 12ಕ್ಕನ, ಮಲ್ಲಿಕಾರ್ಜುನ ಮನ್ಸೂರರು ಹೋದ್ರು. ಮುಂದಿನ ಸೆಪ್ಟೆಂಬರ್ 12ಕ್ಕ ನಿಮ್ಮ ಮನ್ಯಾಗ ಒಂದು ರಾಗ ಮೊದಲಿಂದ ಕಡೀತನಕ ಹಚ್ಚರಿ. ಇದೂತನಕ ಖ್ಯಾಲ ಕೇಳದ ಒಬ್ಬರನ್ನ ಜೋಡಿ ಕೂಡಿಸಿಗೊಳ್ರಿ, ಎರಡನೇ ತಿರಕಿಟ ಎಲ್ಲೆ ಬರ್ತದ ಅಂತ ಅವರಿಗೆ ಹೇಳಿಕೊಡ್ರಿ.